ಅಂಗಳದಾಗಿನ ಫಿಯಟ್

ನಮ್ಮ ಬಾಗಲಕೋಟೆ ಕಡೆಯ ಹಳೆಯ ಮಂದಿ ಪ್ರೀಮಿಯರ್ ಪದ್ಮಿನಿಯನ್ನು ಪದ್ಮಿನಿ ಎಂದು ಕರೆದದ್ದನ್ನು ನಾನು ಕೇಳಿದ್ದು ಕಡಿಮೆ. ಅವರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್. ಅದಕ್ಕಿಂತ ಹಳೆಯದು, ಮುಂದಿನ ಬಾಗಿಲು ಉಲ್ಟಾ ತೆರೆಯುತ್ತಿದ್ದ ಐವತ್ತರ ದಶಕದ ಗುಂಡನೆಯ ಗಾಡಿ, ಡುಕ್ಕರ್ ಫಿಯಟ್. ಡುಕ್ಕರ್ ಎಂದರೆ ಮರಾಠಿಯಲ್ಲಿ ಹಂದಿ. ಮುಂಬೈಯ ಬೀದಿಗಳಲ್ಲಿ ಚಾಲ್ತಿಯಲ್ಲಿದ್ದ ಈ ಅಡ್ಡಹೆಸರು ಗಾಡಿಯ ಜೊತೆಗೇ ಸೊಲ್ಲಾಪುರ ದಾಟಿ ಕೃಷ್ಣೆಯ ಈಚೆ ದಂಡೆಗೆ ಬಂದಿರಬೇಕು. ಹೆಸರು ಬಂದ ದಾರಿಯೇ ಗಾಡಿ ಬಂದ ದಾರಿ. 1956ರ ನವೆಂಬರ್ 1ರ ತನಕ ಬಾಗಲಕೋಟೆ, ಬಾದಾಮಿ, ಹುನಗುಂದ ಎಲ್ಲವೂ ಮುಂಬೈ ರಾಜ್ಯದ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಹತ್ತಿ, ಶೇಂಗಾ, ನೂಲಿನ ವ್ಯಾಪಾರದ ಲೆಕ್ಕಪತ್ರ ಓಡಾಡುತ್ತಿದ್ದದ್ದು ಸೊಲ್ಲಾಪುರಕ್ಕೆ, ಮುಂಬೈಗೆ. ಬೆಂಗಳೂರು ನಮಗೆ ದೂರದ ಊರು. ಫಿಯಟ್ ತಯಾರಾಗುತ್ತಿದ್ದದ್ದು ಮುಂಬೈಯ ಕುರ್ಲಾದಲ್ಲಿ. ಕಲಕತ್ತೆಯ ಹತ್ತಿರದ ಉತ್ತರಪಾರಾದಿಂದ ಬರುವ ಅಂಬಾಸಡರ್ ಸರಕಾರಿ ಅಧಿಕಾರಿಗಳ ಗಾಡಿ ಅನಿಸಿದರೆ, ಫಿಯಟ್ಟು ಡಾಕ್ಟರು, ವಕೀಲರು, ಅಡತಿ ಅಂಗಡಿಯವರ ಗಾಡಿ ಆದದ್ದಕ್ಕೆ ಈ ಹಳೆಯ ಮುಂಬೈ ನಂಟೂ ಒಂದು ಕಾರಣ ಎಂದು ನನ್ನ ಅಂದಾಜು.

ಈ ಗಾಡಿಯ ಹಿಂದಿನ ಕತೆಗೆ ಕನ್ನಡದ ಎಳೆಯೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ನಡುವೆ ಯುರೋಪು, ಅಮೆರಿಕ ಸುತ್ತಿ, ಡೆಟ್ರಾಯಿಟ್‌ನ ಕಾರ್ಖಾನೆಗಳನ್ನು ನೋಡಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆ ಕಟ್ಟುವ ಯೋಜನೆ ಬರೆದರು. ಅದಕ್ಕೆ ಕೈಜೋಡಿಸಿದವರು ವಾಲಚಂದ್ ಹಿರಾಚಂದ್, 1882ರಲ್ಲಿ ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದವರು. ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಯುದ್ಧದ ಕಾಲದಲ್ಲಿ ಅದಕ್ಕೆ ಬೇಕಾಗಿದ್ದದ್ದು ವಿಮಾನ. ಹಾಗಾಗಿ ಅದೇ ವಾಲಚಂದ್ ಮೈಸೂರು ಸರಕಾರದ ಜತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಮುಂಬೈಗೆ ಹೋಯಿತು. ಮೊದಲಿಗೆ ಅಲ್ಲಿ ಜೋಡಿಸಿದ್ದು ಕ್ರೈಸ್ಲರ್ ಕಂಪನಿಯ ದೊಡ್ಡ ಅಮೆರಿಕನ್ ಗಾಡಿಗಳನ್ನು. ಫಿಯಟ್ ಬಂದದ್ದು ಆಮೇಲೆ. 1953ರಲ್ಲಿ ಟ್ಯಾರಿಫ್ ಕಮಿಷನ್ ವರದಿ ಕೊಟ್ಟಿತು. ಬರೀ ಬಿಡಿಭಾಗ ತರಿಸಿ ಜೋಡಿಸುವವರಿಗೆ ಇಲ್ಲಿ ಜಾಗವಿಲ್ಲ, ಇಲ್ಲಿಯೇ ತಯಾರಿಸುವವರಿಗೆ ಮಾತ್ರ ಅವಕಾಶ ಎಂಬ ನೀತಿ ಬಂತು. ಜನರಲ್ ಮೋಟರ್ಸ್, ಫೋರ್ಡ್ ಬಾಗಿಲು ಮುಚ್ಚಿಕೊಂಡು ಹೋದವು. ಮುಂದಿನ ಮೂವತ್ತು ವರ್ಷ ಕಾರು ಕೊಳ್ಳುವವನ ಮುಂದಿದ್ದದ್ದು ಹೆಚ್ಚುಕಡಿಮೆ ಮೂರೇ ಹೆಸರು: ಅಂಬಾಸಡರ್, ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್.

ಇಟಲಿಯಲ್ಲಿ ಫಿಯಟ್ 1100ರ ಈ ಪೀಳಿಗೆ 1953ರಲ್ಲಿ ಬಂದು 1969ರ ಹೊತ್ತಿಗೆ ಮುಗಿಯಿತು. ನಮ್ಮಲ್ಲಿ 1964ರಲ್ಲಿ ಬಂದ 1100 ಡಿ, ಫಿಯಟ್ ಕಂಪನಿಯ ಜತೆಗಿನ ಒಪ್ಪಂದ ಮುಗಿದ ಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಹೆಸರು ಬದಲಾಯಿತು, ತಗಡು ಬದಲಾಗಲಿಲ್ಲ. ಒಳಗಿನ 1089 ಸಿಸಿ ಇಂಜಿನ್ನಿನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ದಾಂತೆ ಜಕೋಸಾ ಎಂಬ ಇಂಜಿನಿಯರ್ 1937ರ ಫಿಯಟ್ 508 ಸಿ ಗಾಡಿಗೆ ಮಾಡಿದ ಇಂಜಿನ್ನಿನ ಸಂತತಿ ಅದು. ಯುದ್ಧಕ್ಕೂ ಮೊದಲಿನ ಆ ಇಂಜಿನ್ನಿನ ಮರಿಮಗ ಇಪ್ಪತ್ತನೆಯ ಶತಮಾನ ಮುಗಿಯುವ ತನಕ ಕುರ್ಲಾದಲ್ಲಿ ತಯಾರಾಗುತ್ತಿತ್ತು. ಇಂಥ ದೀರ್ಘಾಯುಷ್ಯಕ್ಕೆ ಗಾಡಿಯ ಗಟ್ಟಿತನವೇ ಕಾರಣ ಎಂದು ಅಭಿಮಾನಿಗಳು ಹೇಳುತ್ತಾರೆ. ನಾನು ಅಷ್ಟು ಸುಲಭಕ್ಕೆ ಒಪ್ಪಲಾರೆ. 1980ರ ಸುಮಾರಿಗೂ ಇಡೀ ದೇಶದಲ್ಲಿ ವರ್ಷಕ್ಕೆ ತಯಾರಾಗುತ್ತಿದ್ದ ಕಾರುಗಳು 30–40 ಸಾವಿರದ ಆಸುಪಾಸು. ಹೊಸ ಗಾಡಿಗೆ ಹೆಸರು ಬರೆಸಿದವನು ವರ್ಷಗಟ್ಟಲೆ ಕಾಯಬೇಕು. ಕಾಯಲಾರದವನು ಹಳೆಯ ಗಾಡಿಗೇ ಹೆಚ್ಚು ದುಡ್ಡು ಕೊಡಬೇಕು. ವಸ್ತು ದುಬಾರಿ, ಮನುಷ್ಯನ ಕೈ ಅಗ್ಗ. ಅಂಥ ಕಡೆ ಯಾವುದನ್ನೂ ಎಸೆಯುವುದಿಲ್ಲ, ರಿಪೇರಿ ಮಾಡುತ್ತಾರೆ.

ನಮ್ಮ ಮನೆಯ ಗಾಡಿ 1978ರ ಪದ್ಮಿನಿ. ಅಪ್ಪ ಹುನಗುಂದದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದರು. ಎಂಬತ್ತರ ದಶಕದ ನಡುವೆ ಸೊಲ್ಲಾಪುರದ ಒಬ್ಬರಿಂದ ಸೆಕೆಂಡ್‌ಹ್ಯಾಂಡ್ ತಂದರು. ಅಂಗಡಿಗೆ ಮಾಲು ತರುವುದು ನೆಪ. ಊರಿನಲ್ಲಿ ಕಾರುಗಳು ಬೆರಳೆಣಿಕೆ ಇದ್ದ ಕಾಲದಲ್ಲಿ ಔಷಧಿ ಅಂಗಡಿಯವನ ಕಾರು ರಾತ್ರಿ ಹೊತ್ತು ಎಲ್ಲರದೂ. ಹೆರಿಗೆ ನೋವು, ಹಾವು ಕಡಿತ, ಎದೆನೋವು ಏನೇ ಇದ್ದರೂ "ಅಣ್ಣಾರ, ಗಾಡಿ ತೆಗೀರಿ" ಎಂದು ಬಾಗಿಲು ಬಡಿಯುತ್ತಿದ್ದರು. ಬಾಗಲಕೋಟೆಯ ದವಾಖಾನೆಗೆ ಅಮೀನಗಡ, ಕಮತಗಿ ದಾಟಿ ಐವತ್ತು ಕಿಲೋಮೀಟರಿನ ಆಸುಪಾಸು. ಹೀಗಾಗಿ ನಮ್ಮ ಮನೆಯಲ್ಲಿ ರವಿವಾರದ ರಿಪೇರಿ ಎಂಬುದು ಹವ್ಯಾಸವಾಗಿರಲಿಲ್ಲ. ರಾತ್ರಿ ಎರಡಕ್ಕೆ ಸೆಲ್ಫ್ ಎಳೆದಾಗ ಗಾಡಿ ಹೊತ್ತಿಕೊಳ್ಳಬೇಕು, ಅಷ್ಟೇ.

ಅಪ್ಪ ಗಾಡಿಗೆಂದೇ ಒಂದು ವಹಿ ಇಟ್ಟಿದ್ದರು. ಕೆಂಪು ಬಟ್ಟೆಯ ರಟ್ಟಿನ, ಅಂಗಡಿಯವರು ಬಳಸುವ ಉದ್ದನೆಯ ಖಾತೆ ವಹಿ. ಒಂದು ಬದಿ ಕಿಲೋಮೀಟರ್, ಇನ್ನೊಂದು ಬದಿ ಮಾಡಿದ ಕೆಲಸ, ಕೊನೆಗೆ ಖರ್ಚು. ಇತಿಹಾಸ ಓದಿದವನಾಗಿ ನನಗೆ ಕೈಬರಹದ ಕಡತಗಳ ಮೇಲೆ ಮೋಹ ಇದೆ. ಆದರೆ ಈ ವಹಿ ನನಗೆ ಕಲಿಸಿದಷ್ಟು ಬೇರೆ ಕಡತ ಕಲಿಸಿಲ್ಲ. ಅದರಲ್ಲಿ ಕಾಲಮಾನ ಕಾಣುತ್ತದೆ. ಮಾರ್ಚ್ ಬಂತೆಂದರೆ ರೇಡಿಯೇಟರ್ ಬಿಚ್ಚಿ ತೊಳೆದ ದಾಖಲೆ. ಮೇ ತಿಂಗಳಲ್ಲಿ ಫ್ಯಾನ್ ಬೆಲ್ಟು, ಹೋಸ್ ಪೈಪು. ಮಳೆ ಶುರುವಾದ ಮೇಲೆ ಪಾಯಿಂಟು, ಕಂಡೆನ್ಸರು, ಪ್ಲಗ್ಗಿನ ವಾಯರು. ಜನವರಿಯ ಬನದ ಹುಣ್ಣಿಮೆಗೆ ಮೊದಲು ಪ್ರತಿ ವರ್ಷ ಬ್ರೇಕ್ ನೋಡಿದ್ದಾರೆ, ಯಾಕೆಂದರೆ ಬಾದಾಮಿಯ ಬನಶಂಕರಿ ಜಾತ್ರೆಗೆ ಎಂಟು ಮಂದಿಯನ್ನು ತುಂಬಿಕೊಂಡು ಹೋಗಬೇಕು.

ರೇಡಿಯೇಟರಿನ ದಾಖಲೆ ಇಷ್ಟು ಯಾಕೆ ಎಂದು ಬೇರೆ ಊರಿನವರು ಕೇಳಬಹುದು. ನಮ್ಮದು ಸುಣ್ಣದ ಕಲ್ಲಿನ ಸೀಮೆ. ಬಾಗಲಕೋಟೆಗೆ ಸಿಮೆಂಟು ಕಾರ್ಖಾನೆ ಬಂದದ್ದು ಅದೇ ಕಲ್ಲಿನ ದೆಸೆಯಿಂದ. ಬಾವಿಯ ನೀರು ಗಡಸು. ಕಾಯಿಸಿದ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರುತ್ತದೆ. ಅದೇ ಪದರ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿ ಕೂತರೆ ನೀರು ಹರಿಯದು, ಇಂಜಿನ್ ಕಾಯುತ್ತದೆ, ಹೆಡ್ಡಿನ ಪ್ಯಾಕಿಂಗ್ ಸುಡುತ್ತದೆ. ಅದಕ್ಕೇ ಅವ್ವ ಮಾಳಿಗೆಯಿಂದ ಇಳಿಯುವ ಮಳೆನೀರನ್ನು ತಾಮ್ರದ ಹಂಡೆಗೆ ಹಿಡಿದು, ಬಟ್ಟೆಯಲ್ಲಿ ಸೋಸಿ, ಕ್ಯಾನುಗಳಲ್ಲಿ ತುಂಬಿಡುತ್ತಿದ್ದಳು. ಬೇಳೆ ಬೇಯಿಸಲು ಒಂದಿಷ್ಟು, ಗಾಡಿಗೆ ಒಂದಿಷ್ಟು. ವಹಿಯಲ್ಲಿ ಅವ್ವನ ಹೆಸರು ಎಲ್ಲಿಯೂ ಇಲ್ಲ.

ಇನ್ನು ಬೇಸಿಗೆಯ ರೋಗ. ಫಿಯಟ್ಟಿನ ಪೆಟ್ರೋಲ್ ಎಳೆಯುವ ಪಂಪು, ನಮ್ಮ ಕಡೆ ಅದನ್ನು ಎ.ಸಿ. ಪಂಪು ಅನ್ನುತ್ತಾರೆ, ಇಂಜಿನ್ನಿನ ಮಗ್ಗುಲಿಗೇ ಕೂತಿರುತ್ತದೆ. ಒಳಗೊಂದು ಬಟ್ಟೆ-ರಬ್ಬರಿನ ಪರದೆ ಮೇಲೆ ಕೆಳಗೆ ಆಡುತ್ತ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರಿಗೆ ದೂಡುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ, ನಲವತ್ತು ಡಿಗ್ರಿಯ ಬಿಸಿಲಿನಲ್ಲಿ, ಇಂಜಿನ್ನಿನ ಕಾವೂ ಸೇರಿ ಪಂಪಿನೊಳಗೇ ಪೆಟ್ರೋಲ್ ಕುದಿಯುತ್ತದೆ. ಆವಿಯ ಗುಳ್ಳೆ ಬಂದರೆ ಪರದೆ ಗುಳ್ಳೆಯನ್ನೇ ಹಿಂಡುತ್ತದೆ, ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಗಾಡಿ ನಿಲ್ಲುತ್ತದೆ. ಕೆರೂರಿನಿಂದ ಬಾದಾಮಿಗೆ ಹೋಗುವ ದಾರಿಯಲ್ಲಿ ಬಾನೆಟ್ ಎತ್ತಿ ಜಾಲಿ ಗಿಡದ ನೆರಳಿಗೆ ನಿಂತ ಫಿಯಟ್ಟು ನಮ್ಮ ಬೇಸಿಗೆಯ ಖಾಯಂ ನೋಟ. ಔಷಧ ಒಂದೇ: ಪಂಪಿನ ಮೇಲೆ ಒದ್ದೆ ಅರಿವೆ. "ಏ ತಮ್ಮಾ, ನೀರ ಅರಬಿ ಹಾಕು, ಹತ್ತ ಮಿನಿಟು ಕುಂಡ್ರು" ಎನ್ನುತ್ತಿದ್ದರು ಅಪ್ಪ. ನೀರು ಆವಿಯಾಗುವಾಗ ಕಾವು ಎಳೆದುಕೊಳ್ಳುತ್ತದೆ, ಒಳಗಿನ ಗುಳ್ಳೆ ಮತ್ತೆ ಪೆಟ್ರೋಲ್ ಆಗುತ್ತದೆ. ಹೂಜಿಯ ನೀರು ತಂಪಾಗುವ ನಿಯಮವೇ. ಇಳಕಲ್ ಸೀರೆಯ ಹಳೆ ತುಂಡುಗಳು ಇದಕ್ಕೆ ಬಹಳ ಚಲೋ, ನೀರು ಹಿಡಿದಿಡುತ್ತವೆ. ರೇಶಿಮೆಯ ಸೆರಗಿನ ಭಾಗ ಬೇಡ, ಹತ್ತಿಯ ಒಡಲಿನ ಭಾಗ ಬೇಕು. ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು, ಎರಡನ್ನೂ ಕೊಂಡಿ ಹಾಕಿ ಜೋಡಿಸಿ ನೇಯುವುದು ಇಳಕಲ್ಲಿನ ವಿಶೇಷ ಎಂದು ಪುಸ್ತಕದಲ್ಲಿ ಓದುವ ಮೊದಲೇ ಕಾರಿನ ಅರಿವೆ ಹರಿಯುವಾಗ ನನಗೆ ಗೊತ್ತಾಗಿತ್ತು.

ಪಾಯಿಂಟಿನ ಕೆಲಸ ಸೂಕ್ಷ್ಮ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ಎರಡು ಸಣ್ಣ ಲೋಹದ ತುದಿಗಳು ಕೂಡಿ ಅಗಲುತ್ತಿರುತ್ತವೆ. ಅಗಲಿದ ಕ್ಷಣ ಕಾಯಿಲಿನಲ್ಲಿ ವಿದ್ಯುತ್ತು ಜಿಗಿದು ಪ್ಲಗ್ಗಿಗೆ ಕಿಡಿ ಹೋಗುತ್ತದೆ. ಅವುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ ಇರಬೇಕು. ಅಳತೆಯ ಫೀಲರ್ ಗೇಜ್ ಇಲ್ಲದವರು ಪೋಸ್ಟ್ ಕಾರ್ಡನ್ನು ಎರಡು ಮಡಿಕೆ ಮಾಡಿ ತೂರಿಸಿ ನೋಡುತ್ತಿದ್ದರು. ಹೆಚ್ಚು ಕಡಿಮೆ ಸರಿಯಾಗಿಯೇ ಬರುತ್ತಿತ್ತು. ಪ್ಲಗ್ಗುಗಳು ಬೆಂಗಳೂರಿನ ಮೈಕೋ ಕಂಪನಿಯವು. 1951ರಲ್ಲಿ ಶುರುವಾಗಿ ಮುಂದೆ ಬಾಷ್ ಎಂದು ಹೆಸರು ಬದಲಿಸಿಕೊಂಡ ಈ ಕಾರ್ಖಾನೆಯ ಪ್ಲಗ್ಗಿನ ಡಬ್ಬಿಗಳಲ್ಲಿ ನಮ್ಮಕ್ಕ ಪಿನ್ನು, ಗುಂಡಿ ತುಂಬಿಡುತ್ತಿದ್ದಳು. ಬಿಚ್ಚಿದ ಪ್ಲಗ್ಗಿನ ತುದಿ ಬೆಲ್ಲದ ಬಣ್ಣಕ್ಕಿದ್ದರೆ ಇಂಜಿನ್ ಆರೋಗ್ಯವಾಗಿದೆ. ಕಾಡಿಗೆಯ ಹಾಗಿದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತಿದೆ. ಬೂದಿಯ ಹಾಗೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಒಳಗೆ ಕಾವು ಹೆಚ್ಚು. ಕಾರ್ಬೊರೇಟರಿನ ಜೆಟ್ಟಿನಲ್ಲಿ ಕಸ ಸಿಕ್ಕರೆ ಸೈಕಲ್ ಪಂಪಿನಿಂದ ಊದಬೇಕೇ ಹೊರತು ತಂತಿ ತೂರಿಸಬಾರದು. ಹಿತ್ತಾಳೆಯ ಆ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಗಾಡಿಯ ಸರಾಸರಿ ಹಾಳು.

ಫಿಯಟ್ಟಿನ ಗೇರು ಸ್ಟೇರಿಂಗಿನ ಪಕ್ಕದಲ್ಲಿ. ಕೈಹಿಡಿಕೆಯಿಂದ ಗೇರ್ ಡಬ್ಬಿಯ ತನಕ ಸರಳುಗಳ ಸಾಲು, ನಡುನಡುವೆ ಬುಷ್ಷುಗಳು. ಅವು ಸವೆದರೆ ಎರಡು ಗೇರುಗಳ ನಡುವೆ ಸಿಕ್ಕಿಕೊಂಡು ಬಿಡುತ್ತದೆ. ಒಂದು ರಾತ್ರಿ ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗುವಾಗ ಅಮೀನಗಡ ದಾಟಿದ ಮೇಲೆ ಹೀಗಾಯಿತು. ಆಕೆಯ ಅತ್ತೆ "ಯಾಕ್ ನಿಂತಿತ್ರೀ ಗಾಡಿ" ಎಂದು ಅಳುವ ದನಿಯಲ್ಲಿ ಕೇಳುತ್ತಿದ್ದಾಗ ಅಪ್ಪ ಮಾತಾಡದೆ ಇಳಿದು, ಬಾನೆಟ್ ಎತ್ತಿ, ನನ್ನ ಕೈಗೆ ಬ್ಯಾಟರಿ ಕೊಟ್ಟು, ಸರಳಿನ ತುದಿಯನ್ನು ಕೈಯಿಂದ ಎಳೆದು ನ್ಯೂಟ್ರಲ್ಲಿಗೆ ತಂದರು. ಎರಡು ನಿಮಿಷದ ಕೆಲಸ. ಉಳಿದ ದಾರಿಯನ್ನು ಮೂರನೆಯ ಗೇರೊಂದರಲ್ಲೇ ಓಡಿಸಿದರು; ಮತ್ತೆ ಗೇರು ಬದಲಿಸುವ ಧೈರ್ಯ ಮಾಡಲಿಲ್ಲ. ಕೂಸು ದವಾಖಾನೆಯಲ್ಲೇ ಹುಟ್ಟಿತು. ವಹಿಯಲ್ಲಿ ಆ ದಿನದ ಎದುರು ಇರುವುದು ಇಷ್ಟೇ: ಗೇರ್ ಲಿಂಕ್ ಬುಷ್ 2, ಇಳಕಲ್, ಲೇಥು.

ಆ 'ಇಳಕಲ್, ಲೇಥು' ಎಂಬ ಎರಡು ಪದಗಳ ಬಗ್ಗೆ ಹೇಳಬೇಕು. ಮನೆಯಲ್ಲೇ ರಿಪೇರಿ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದರ ಹಿಂದೆ ಒಂದು ದೊಡ್ಡ ಬಳಗ ಇತ್ತು. ಹುನಗುಂದಕ್ಕೂ ಇಳಕಲ್ಲಿಗೂ ರೈಲು ಇರಲಿಲ್ಲ. ಹೋಟಗಿಯಿಂದ ಗದಗಿಗೆ ಹೋಗುವ ಹಳೆಯ ಮೀಟರ್ ಗೇಜ್ ಬಾಗಲಕೋಟೆ, ಬಾದಾಮಿಗಳನ್ನು ಮುಟ್ಟಿ ಹೋಗುತ್ತಿತ್ತು. ಆದರೆ ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ ನಮ್ಮ ಎರಡೂ ಊರುಗಳನ್ನು ಹಾಯುತ್ತಿತ್ತು, ಇಳಕಲ್ಲಿನ ಕೆಂಪು ಗ್ರಾನೈಟ್ ಹೊತ್ತ ಲಾರಿಗಳು ಓಡುತ್ತಿದ್ದವು. ಲಾರಿ ಇದ್ದಲ್ಲಿ ಗ್ಯಾರೇಜು, ಲೇಥು, ವೆಲ್ಡಿಂಗು, ಬ್ಯಾಟರಿ ಅಂಗಡಿ. ಗನ್‌ಮೆಟಲ್ಲಿನ ತುಂಡು ಕೊಟ್ಟರೆ ಕಿಂಗ್‌ಪಿನ್ನಿನ ಬುಷ್ಷನ್ನು ಅಳತೆಗೆ ತಿರುವಿ ಕೊಡುವ ಚಾಚಾ ಒಬ್ಬರಿದ್ದರು. ಮಗ್ಗದ ಬಿಡಿಭಾಗಗಳಿಗೂ ಅವರೇ, ಪಂಪ್‌ಸೆಟ್ಟಿಗೂ ಅವರೇ. ಹಿಂದಿನ ಚಕ್ರದ ಸ್ಪ್ರಿಂಗ್ ಪ್ಲೇಟು ಕುಸಿದರೆ ಕಂಬಾರರ ಕುಲುಮೆಗೆ ಒಯ್ಯಬೇಕು. ಕಾಸಿ ಬಾಗಿಸಿ ಹದ ಮಾಡಿ ಕೊಡುತ್ತಿದ್ದರು. ಎರಡು ಸಲ ಹದ ಮಾಡಿ ಮೂರನೆಯ ಸಲಕ್ಕೆ ಮುರಿದ ಪ್ಲೇಟು ಅಲ್ಲೇ ಉಳಿಯುತ್ತಿತ್ತು, ಸುಗ್ಗಿಗೆ ಕುಡಗೋಲಾಗಿ ಬರುತ್ತಿತ್ತು. ನಮ್ಮ ಹಿತ್ತಲಿನ ಒಂದು ಕೊಡ್ಲಿ ಇಂಥದ್ದೇ ಉಕ್ಕು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಶಾಸನದಲ್ಲಿ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರಿದೆ, ರಾಜ ಕೊಟ್ಟ ಬಿರುದೂ ಇದೆ. ಎಂಟನೆಯ ಶತಮಾನದ ಆಚಾರಿಯ ಹೆಸರು ನಮಗೆ ಗೊತ್ತು. ಇಪ್ಪತ್ತನೆಯ ಶತಮಾನದ ಮೇಸ್ತ್ರಿಗಳ ಹೆಸರು ಎಲ್ಲಿಯೂ ಬರೆದಿಲ್ಲ. ಅವರ ಕೈಕೆಳಗಿನ ಹುಡುಗರ ಹೆಸರಂತೂ ಕೇಳುವುದೇ ಬೇಡ. ಹತ್ತು ಹನ್ನೆರಡರ ಹುಡುಗರು ಗಾಡಿಯ ಅಡಿಗೆ ಮಲಗಿ, ಕಣ್ಣಿಗೆ ಬೀಳುವ ಮಣ್ಣು ಒರೆಸಿಕೊಳ್ಳುತ್ತ, "ಹತ್ತು-ಹನ್ನೊಂದರ ಪಾನಾ ತಾರಲೇ" ಎಂಬ ಕೂಗಿಗೆ ಓಡುತ್ತ ಕೆಲಸ ಕಲಿತರು. ಸಾಲಿ ಬಿಟ್ಟವರು. ಹಳೆಯ ಕಾರುಗಳ ಕಾಲ ಎಷ್ಟು ಚಂದವಿತ್ತು ಎಂದು ಬರೆಯುವವರು ಈ ಹುಡುಗರನ್ನು ಬಿಟ್ಟು ಬರೆದರೆ ನನಗೆ ಓದಲು ಮನಸ್ಸಾಗುವುದಿಲ್ಲ.

ಅಗ್ಗದ ಸಣ್ಣ ಕಾರು ಮಾಡುತ್ತೇವೆಂದು ನಡುವೆ ಹಲವರು ಹೊರಟಿದ್ದರು. ನೆರೆಯ ಇಚಲಕರಂಜಿಯ ಶಂಕರರಾವ್ ಕುಲಕರ್ಣಿ 1949ರಿಂದಲೇ ಮೀರಾ ಎಂಬ ಪುಟ್ಟ ಕಾರು ಕಟ್ಟಿ, ತಿದ್ದಿ, ಮತ್ತೆ ಕಟ್ಟಿದರು. ಅದು ಕಾರ್ಖಾನೆಯ ಮಟ್ಟಕ್ಕೆ ಬೆಳೆಯಲೇ ಇಲ್ಲ. ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಡಾಲ್ಫಿನ್ ತಂದಿತು, ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ, ಫೈಬರ್ ಮೈಯ, 848 ಸಿಸಿಯ ಗಾಡಿ. ತುಕ್ಕು ಹಿಡಿಯದ ಮೈ ಎಂಬುದೊಂದು ಅದರ ಹೆಗ್ಗಳಿಕೆ. ಅಷ್ಟರಲ್ಲಿ 1983ರ ಡಿಸೆಂಬರ್ 14ರಂದು ಮಾರುತಿ 800 ಬಂತು, ಎಲ್ಲರ ಕತೆಯೂ ಮುಗಿಯಿತು.

ಮಾರುತಿ ಮೊದಲು ನೋಡಿದಾಗ ನಮ್ಮ ಮೇಸ್ತ್ರಿಗಳು ನಕ್ಕರು. "ಇದೇನ ಗಾಡಿರೀ, ಬಿಸ್ಕೀಟ್ ಡಬ್ಬಿ." ಹತ್ತು ವರ್ಷದಲ್ಲಿ ಅದನ್ನೂ ಕಲಿತರು, ಯಾಕೆಂದರೆ ಅದಕ್ಕೂ ಕಾರ್ಬೊರೇಟರ್ ಇತ್ತು. ನಿಜವಾದ ಗಡಿ ಬಂದದ್ದು 2000ದ ಸುಮಾರಿಗೆ, ಹೊಗೆಯ ನಿಯಮಗಳು ಬಿಗಿಯಾಗಿ ಪೆಟ್ರೋಲ್ ಇಂಜೆಕ್ಷನ್ ಬಂದಾಗ. ಎಷ್ಟು ಪೆಟ್ರೋಲ್, ಯಾವಾಗ ಕಿಡಿ ಎಂಬುದನ್ನು ಒಂದು ಸೀಲು ಹಾಕಿದ ಎಲೆಕ್ಟ್ರಾನಿಕ್ ಡಬ್ಬಿ ತೀರ್ಮಾನಿಸತೊಡಗಿತು. ಪೋಸ್ಟ್ ಕಾರ್ಡಿನ ಅಳತೆಗೆ ಅಲ್ಲಿ ಕೆಲಸವಿಲ್ಲ. ಹೊಗೆ ಕಡಿಮೆಯಾದದ್ದು ಒಳ್ಳೆಯದೇ; ನಮ್ಮ ಪದ್ಮಿನಿ ಬೆಳಿಗ್ಗೆ ಚೋಕ್ ಎಳೆದಾಗ ಬಿಡುವ ಹೊಗೆಯನ್ನು ಸಮರ್ಥಿಸುವ ಇರಾದೆ ನನಗಿಲ್ಲ.

ಬಾಗಲಕೋಟೆಯಲ್ಲಿ ಇದೇ ಹೊತ್ತಿಗೆ ಇನ್ನೊಂದು ಏಟು ಬಿತ್ತು. ಆಲಮಟ್ಟಿಯ ಹಿನ್ನೀರು ಏರಿ ಹಳೆಯ ಊರಿನ ತಗ್ಗಿನ ಭಾಗ ಮುಳುಗಿತು. ಜನ ನವನಗರದ ಸೆಕ್ಟರುಗಳಿಗೆ ಹೋದರು. ಮನೆಗೆ, ಅಂಗಡಿಗೆ ಪರಿಹಾರ ಸಿಕ್ಕಿತು. ಆದರೆ ಟಿಂಕರಿಂಗಿನವನ ಪಕ್ಕ ಪೇಂಟಿನವನು, ಅವನ ಎದುರು ಕುಶನ್ನಿನವನು, ಮೂಲೆಯಲ್ಲಿ ಬ್ಯಾಟರಿಯವನು ಎಂಬ ನೆರೆಹೊರೆಗೆ ಪರಿಹಾರದ ಪಟ್ಟಿಯಲ್ಲಿ ಕಲಮು ಇರುವುದಿಲ್ಲ. ಹೊಸ ಊರಿನ ಅಗಲ ರಸ್ತೆಗಳಲ್ಲಿ ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಬಿದ್ದರು. ಕೆಲವರು ಕಸುಬು ಬಿಟ್ಟರು. ವಹಿಯಲ್ಲಿ ಆ ವರ್ಷಗಳಿಂದ ಮುಂದೆ ಬಾಗಲಕೋಟೆಯ ಹೆಸರು ವಿರಳ, ಇಳಕಲ್ಲಿನ ಹೆಸರೇ ಹೆಚ್ಚು.

ಅಪ್ಪ ತೀರಿಕೊಂಡ ಮೇಲೆ ವಹಿಯಲ್ಲಿ ನಾನು ಬರೆಯುತ್ತಿದ್ದೇನೆ. 108 ಆಂಬುಲೆನ್ಸ್ ಬಂದಿದೆ. ಈಗ ರಾತ್ರಿ ಯಾರೂ ಬಾಗಿಲು ಬಡಿಯುವುದಿಲ್ಲ. ಹಾಗಿದ್ದರೆ ಇದನ್ನು ಯಾಕೆ ಇಟ್ಟುಕೊಂಡಿದ್ದೀ ಎಂದು ಹೆಂಡತಿ ಕೇಳುತ್ತಾಳೆ, ನ್ಯಾಯವಾದ ಪ್ರಶ್ನೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. ದುಡ್ಡಿಗಿಂತ ದೊಡ್ಡ ತೊಡಕು ಬಿಡಿಭಾಗ. ಮುಂಬೈಯಲ್ಲಿ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಸಾವಿರಗಟ್ಟಲೆ ಓಡುತ್ತಿದ್ದಷ್ಟು ದಿನ ಅಲ್ಲಿನ ಬಜಾರಿನಲ್ಲಿ ಎಲ್ಲವೂ ಸಿಗುತ್ತಿತ್ತು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, ಬೀದಿ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಹುನಗುಂದದ ಅಂಗಳದ ಒಂದು ಗಾಡಿ ಮುಂಬೈಯ ಟ್ಯಾಕ್ಸಿಯವರ ನೆರಳಿನಲ್ಲಿ ಇಷ್ಟು ವರ್ಷ ಬದುಕಿತ್ತು ಎಂಬುದು ಆಗ ತಿಳಿಯಿತು. ಎ.ಸಿ. ಪಂಪಿನ ಪರದೆಯನ್ನು ಈಗ ತರಿಸುವಾಗ ಎರಡೆರಡು ತರಿಸುತ್ತೇನೆ.

ಇಳಕಲ್ಲಿನ ಚಾಚಾ ಈಗ ಲೇಥಿನ ಮುಂದೆ ನಿಲ್ಲುವುದಿಲ್ಲ, ಮೊಣಕಾಲು ನೋವು. ಅಂಗಡಿಯ ಮುಂದೆ ಕುರ್ಚಿ ಹಾಕಿ ಕೂತು ಮೊಮ್ಮಗನಿಗೆ ಹೇಳುತ್ತಾರೆ, ಅವನು ತಿರುವುತ್ತಾನೆ. ಅವನು ಡಿಪ್ಲೊಮಾ ಓದಿದವನು, ಅಳತೆಗೆ ಡಿಜಿಟಲ್ ಕ್ಯಾಲಿಪರ್ ಹಿಡಿಯುತ್ತಾನೆ. ಹೋದ ತಿಂಗಳು ಕಿಂಗ್‌ಪಿನ್ನಿನ ಬುಷ್ ಮಾಡಿಸಲು ಹೋದಾಗ ಅವನು ಹಳೆಯದನ್ನು ಅಳೆದು, ಸವೆತ ಲೆಕ್ಕ ಹಾಕಿ, ಹೊಸ ಅಳತೆಯನ್ನು ಮೊಬೈಲಿನಲ್ಲಿ ಬರೆದುಕೊಂಡ. ಚಾಚಾ ಬುಷ್ಷನ್ನು ಬೆರಳಿನಿಂದ ತಿರುಗಿಸಿ ನೋಡಿ, "ಇನ್ನೊಂದ ಸೂತ ತೆಗೀ" ಎಂದರು. ಮೊಮ್ಮಗ ಕ್ಯಾಲಿಪರ್ ತೋರಿಸಿ ಅಳತೆ ಸರಿ ಇದೆ ಎಂದ. ಇಬ್ಬರೂ ಬಿಡಲಿಲ್ಲ. ಬುಷ್ ಇನ್ನೂ ಅಲ್ಲೇ ಇದೆ, ಬರುವ ರವಿವಾರ ಗಾಡಿಯನ್ನೇ ಒಯ್ದು ಕೂರಿಸಿ ನೋಡಬೇಕು.